ಸೈಬರ್ಟ್ರಾನ್‌ನ ಭ್ರಷ್ಟ ಸೆನೆಟ್
ಟ್ರಾನ್ಸ್‌ಫಾರ್ಮರ್ಸ್ ಸಿನಿಮಾ ನೋಡಿದ್ದೀರಿ. ಐಡಿಡಬ್ಲ್ಯೂ ಪ್ರಕಾಶನ ತಂದ ಅದರ ಕಾಮಿಕ್ಸ್ ಓದಿದ್ದೀರಾ?

ಅಲ್ಲಿ, ರೋಬೋಟ್‌ಗಳ ಅಂತರ್ಯುದ್ಧಕ್ಕೂ ಮುಂಚೆ, ಅವುಗಳ ತವರಾದ ಸೈಬರ್ಟ್ರಾನ್ ಗ್ರಹ ಸೆನೆಟ್‌ನ ಮುಷ್ಟಿಯಲ್ಲಿತ್ತು. ನೀವು ಯಾವ ಯಂತ್ರವಾಗಿ ಬದಲಾಗುತ್ತೀರೋ ಅದೇ ನಿಮ್ಮ ಕೆಲಸ, ಅದೇ ನಿಮ್ಮ ಅಂತಸ್ತು. ಹುಟ್ಟಿದಾಗಲೇ ಬರೆದಿಟ್ಟ ಹಣೆಬರಹ! ಈ ಸಿದ್ಧಾಂತದ ಹೆಸರು ಫಂಕ್ಷನಿಸಂ.

ಎದುರು ಮಾತಾಡಿದರೆ ಎಂಪುರಾಟ. ಅಂದರೆ ತಲೆ, ಕೈ ಕಿತ್ತು, ಒಂಟಿಕಣ್ಣಿನ ಮುಖ ಮತ್ತು ಕೊಕ್ಕೆಗಳನ್ನು ಜೋಡಿಸುವ ಶಿಕ್ಷೆ. ಮಿದುಳನ್ನೇ ತಿದ್ದುವುದು ಶ್ಯಾಡೋಪ್ಲೇ.

ಭಾವನೆಯೇ ಇಲ್ಲದ ಖಳ ಶಾಕ್‌ವೇವ್ ಗೊತ್ತಲ್ಲ? ಅವನು ಒಂದು ಕಾಲದಲ್ಲಿ ದಯಾಳು ಸೆನೆಟರ್. ಭ್ರಷ್ಟರನ್ನು ಎದುರಿಸಿದ್ದಕ್ಕೆ ಅವನನ್ನು ಹಾಗೆ ಮಾಡಿದರು. ಜೇಮ್ಸ್ ರಾಬರ್ಟ್ಸ್ 2012ರಲ್ಲಿ ಬರೆದ ಈ ಕಥೆ ಓದಿದಾಗ ನಿಜಕ್ಕೂ ಕರುಳು ಚುರ್ರೆನ್ನುತ್ತದೆ.

ಇನ್ನು ಸೆನೆಟ್ ವಿರುದ್ಧ ಯುದ್ಧ ಹೂಡಿದ ಮೆಗಾಟ್ರಾನ್? ಅವನೊಬ್ಬ ಗಣಿ ಕಾರ್ಮಿಕನಾಗಿದ್ದ. ಮುಂದೆ ಅವನು ನಡೆಸಿದ ಮಾರಣಹೋಮಕ್ಕೆ ಕ್ಷಮೆಯಿಲ್ಲ. ಆದರೆ ಆ ಯುದ್ಧದ ಮೊದಲ ಅಪರಾಧಿ ಸೆನೆಟ್.