ಗಾಳ ಬಿಡಿಸುವ ಇಕ್ಕಳ

ಹಲಗೂರಿನ ಟೀ ಅಂಗಡಿಯಲ್ಲಿ ಹಿರಿಯರೊಬ್ಬರು ನಿಕ್ಕರ್ ಜೇಬಿನಿಂದ ತೆಗೆದು ಬೆಂಚಿನ ಮೇಲಿಟ್ಟ ಮಲ್ಟಿಟೂಲಿನ ಗುಂಗು ನನಗಿನ್ನೂ ಇಳಿದಿಲ್ಲ. ಮಡಿಸಿದ್ದಾಗ ಅಂಗೈಯಲ್ಲಿ ಅಡಗುವ ಉಕ್ಕಿನ ಗಟ್ಟಿ, ಬಿಡಿಸಿದರೆ ಇಕ್ಕಳ. ಹಿಡಿಗಳ ಒಳಗಿಂದ ಚಾಕು, ಅರ, ಡಬ್ಬಿ ತೆರೆಯುವ ಕೊಂಡಿ, ಸ್ಕ್ರೂಡ್ರೈವರ್‌ಗಳು ಒಂದೊಂದಾಗಿ ಹೊರಬಂದವು. ಮಳವಳ್ಳಿ ತಾಲ್ಲೂಕಿನ ಕಾವೇರಿ ದಂಡೆಯ ಭೀಮೇಶ್ವರಿಯಲ್ಲಿ ಮೀನು ಶಿಕಾರಿಗೆ ಬರುತ್ತಿದ್ದ ವಿದೇಶಿಯರ ಜೊತೆ ಗಿಲ್ಲಿಯಾಗಿ ದುಡಿದವರು ಅವರು. ಎರೆ ಕಟ್ಟುವುದು, ಹರಿಗೋಲು ನಡೆಸುವುದು, ಯಾವ ಮಡುವಿನಲ್ಲಿ ಮೀನಿದೆಯೆಂದು ತೋರಿಸುವುದು ಗಿಲ್ಲಿಯ ಕೆಲಸ. ಊರಿಗೆ ಹೊರಟ ಇಂಗ್ಲಿಷಿನವನೊಬ್ಬ ಇದನ್ನು ಕೊಟ್ಟು ಹೋದನಂತೆ.

‘ಇದ್ರಲ್ಲಿ ಎಳ್ನೀರು ಕೊಚ್ಚಕ್ಕಾಗಕಿಲ್ಲ ಕಣ್ ಸಾ, ಸೌದೆ ಸೀಳಕ್ಕಾಗಕಿಲ್ಲ. ಅದ್ಕೆಲ್ಲ ಮಚ್ಚೇ ಸೈ. ಗಾಳ ಬುಡ್ಸಕ್ಕೆ ಮಾತ್ರ ಇದ್ರಂಗೆ ಇನ್ನೊಂದಿಲ್ಲ.’

ಅವರ ತೀರ್ಪು ನನಗೆ ಪೂರ್ತಿ ಒಪ್ಪಿಗೆ. ಎಲ್ಲ ಕೆಲಸಕ್ಕೂ ಒಂದೇ ಎನ್ನುವ ಸಾಮಾನಿನ ಬಗ್ಗೆ ನನಗೆ ಮೊದಲಿನಿಂದಲೂ ಗುಮಾನಿ. ಅಮೆರಿಕದ ಟಿಮ್ ಲೆದರ್‌ಮನ್ 1975ರಲ್ಲಿ ಹಳೇ ಫಿಯೆಟ್ ಕಾರಿನಲ್ಲಿ ಯುರೋಪ್ ಸುತ್ತುವಾಗ, ಕಾರು ಕೈಕೊಟ್ಟಾಗಲೆಲ್ಲ ಜೇಬಿನ ಚಾಕುವಿಗೆ ಇಕ್ಕಳವೂ ಇದ್ದಿದ್ದರೆ ಎಂದು ಹಂಬಲಿಸಿದ. ಇಕ್ಕಳ ಸೇರಿಸಿ ಅವನು ಮಾಡಿದ ಮಲ್ಟಿಟೂಲ್ ಮಾರುಕಟ್ಟೆಗೆ ಬಂದದ್ದು 1983ರಲ್ಲಿ. ಹುಟ್ಟಿದ್ದೇ ಇಕ್ಕಳಕ್ಕಾಗಿ, ಉಳಿದದ್ದೆಲ್ಲ ನಂಟರಿಷ್ಟರು.

ಭೀಮೇಶ್ವರಿಗೆ ಬಂದವರು ಬೆನ್ನಟ್ಟುತ್ತಿದ್ದ ಮಹಶೀರ್ ಮೀನಿನ ತುಟಿ ದಪ್ಪ, ದವಡೆಯಲ್ಲಿ ಹಲ್ಲಿಲ್ಲ; ಹಲ್ಲೆಲ್ಲ ಗಂಟಲಿನಲ್ಲಿ. ಏಡಿ, ಬಸವನಹುಳುಗಳನ್ನು ಅಲ್ಲೇ ಪುಡಿಗಟ್ಟುತ್ತದೆ. ಅಂಥ ಬಾಯೊಳಗೆ ಬೆರಳು ಹಾಕುವುದಕ್ಕಿಂತ ಇಕ್ಕಳದ ಮೂತಿ ಹಾಕುವುದು ಜಾಣತನ. ಗಾಳದ ಕಡ್ಡಿಯನ್ನು ಬಿಗಿಹಿಡಿದು, ಚುಚ್ಚಿಕೊಂಡ ದಾರಿಯಲ್ಲೇ ಹಿಂದಕ್ಕೆ ತಿರುಚಿ ತೆಗೆಯಬೇಕು. ಗಾಳದ ಮುಳ್ಳನ್ನು ಮೊದಲೇ ಅದೇ ಇಕ್ಕಳದಿಂದ ಅಮುಕಿ ಚಪ್ಪಟೆ ಮಾಡಿಟ್ಟರೆ ಕೆಲಸ ಇನ್ನೂ ಹಗುರ. ಆಮೇಲೆ ಮೀನನ್ನು ನೀರಲ್ಲೇ ಹರಿವಿಗೆ ಮುಖಮಾಡಿ ಹಿಡಿದುಕೊಂಡು, ದಣಿವಾರಿದ ಮೇಲೆ ಕೈಬಿಡುವುದು. ಹಿಡಿದದ್ದನ್ನು ಬಿಡುವುದೇ ಆ ಶಿಕಾರಿಯ ಕಟ್ಟಳೆಯಾಗಿದ್ದರಿಂದ ಚಾಕುವಿಗೆ ಹೆಚ್ಚು ಕೆಲಸವಿರಲಿಲ್ಲ.

ಇನ್ನು ಎರೆಯ ವಿಷಯ. ಇದನ್ನು ಹೇಳದೆ ಮುಂದೆ ಹೋಗಲಾರೆ. ಸಾಗರ ದಾಟಿ, ದುಬಾರಿ ರಾಡು-ರೀಲು ಹೊತ್ತು ಬಂದವರು ಕೊನೆಗೆ ಗಾಳಕ್ಕೆ ಸಿಕ್ಕಿಸುತ್ತಿದ್ದುದು ರಾಗಿ ಮುದ್ದೆ! ಊಟದ ಮುದ್ದೆಯಲ್ಲ, ಹರಿವಿಗೆ ಕರಗದಂತೆ ಹಿಟ್ಟನ್ನು ಗಟ್ಟಿಯಾಗಿ ನಾದಿ, ಬೇಯಿಸಿ, ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಿದ್ದು. ಅದಕ್ಕೆ ಬೆರೆಸುವ ಮಸಾಲೆ ಮಾತ್ರ ಒಬ್ಬೊಬ್ಬ ಗಿಲ್ಲಿಯದು ಒಂದೊಂದು ಗುಟ್ಟು. ನಮ್ಮ ಹಿರಿಯರನ್ನು ಎಷ್ಟು ಕೆದಕಿದರೂ ‘ಬೆಲ್ಲ ಒಸಿ ಹಾಕ್ತಿದ್ವಿ’ ಎಂಬಲ್ಲಿಗೇ ನಿಲ್ಲಿಸಿದರು. ಏಡಿ ಕಡಿಯುವ ಮೀನಿಗೂ ಮುದ್ದೆಯ ರುಚಿ ಹತ್ತಿತ್ತೆಂದರೆ ಮಂಡ್ಯ ಜಿಲ್ಲೆಯವನಾದ ನಾನು ಹಿಗ್ಗದಿರಲು ಹೇಗೆ ಸಾಧ್ಯ? ಅಲ್ಲೇ ಹತ್ತಿರದ ಮುತ್ತತ್ತಿಯಲ್ಲಿ, ಹೊಳೆಗೆ ಬಿದ್ದ ಸೀತೆಯ ಮುತ್ತನ್ನು ಹನುಮಂತ ಬಾಲದಿಂದ ತಡಕಿ ತೆಗೆದನೆಂಬ ಕತೆಯಿದೆ. ಲಂಕೆ ಸುಟ್ಟದ್ದೂ ಅದೇ ಬಾಲ. ಮಲ್ಟಿಟೂಲ್ ಎಂದರೆ ಅದು!

ಕಾವೇರಿ ಸೀಮೆಯ ಮಹಶೀರ್ ಹಳೆಯ ಖ್ಯಾತಿಯದು. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಅಂದರೆ ಸುಮಾರು 54 ಕೆಜಿ. ಆಮೇಲೆ ಮೀನು ಮುಗಿದೇ ಹೋಯಿತೆಂದು ಹೊರಗಿನವರು ನಂಬಿದ್ದಾಗ 1977–78ರಲ್ಲಿ ಇಂಗ್ಲಿಷ್ ಗೆಳೆಯರ ತಂಡವೊಂದು ಬಂದು ಇದೆ ಎಂದು ತೋರಿಸಿತು. ಶಿಬಿರಗಳು ಎದ್ದವು, ತೋಟೆ ಸಿಡಿಸಿ ಮೀನು ಹೊಡೆಯುತ್ತಿದ್ದವರಲ್ಲಿ ಕೆಲವರು ಗಿಲ್ಲಿಗಳಾಗಿ ಅದೇ ಮೀನನ್ನು ಕಾಯತೊಡಗಿದರು.

ಕಾನೂನು ಬೇರೆ ದಾರಿ ಹಿಡಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯಿಂದ ‘ಪ್ರಾಣಿ’ಯ ವ್ಯಾಖ್ಯೆಯೊಳಗೆ ಮೀನೂ ಸೇರಿತು. ಭೀಮೇಶ್ವರಿಯೂ ಸೇರಿರುವ ಕಾವೇರಿ ವನ್ಯಜೀವಿಧಾಮದಲ್ಲಿ ಹಿಡಿದು ಬಿಟ್ಟರೂ ಅದು ಬೇಟೆಯೇ ಎಂದಾಗಿ, 2010ರ ಆಸುಪಾಸಿನಲ್ಲಿ ಗಾಳದ ಶಿಕಾರಿ ನಿಂತಿತು. ಗಾಳ ಹೋದರೆ ಹೊಳೆಯ ಮೇಲಿನ ಕಣ್ಣುಗಳೂ ಹೋಗುತ್ತವೆ, ತೋಟೆಯವರಿಗೆ ಹಬ್ಬ ಎಂಬುದು ಶಿಕಾರಿಪ್ರಿಯರ ವಾದ. ಅದರಲ್ಲಿ ಸ್ವಾರ್ಥವೂ ಇದೆ, ಸತ್ಯವೂ ಇದೆ. ಸತ್ಯದ ಪಾಲೇ ಹೆಚ್ಚೆಂದು ನನಗನ್ನಿಸುತ್ತದೆ. ಕಾವೇರಿಯ ಡುಬ್ಬದ ಮಹಶೀರ್ 2018ರಲ್ಲಿ ಅಳಿವಿನ ತುತ್ತತುದಿಯಲ್ಲಿರುವ ಜೀವಿಗಳ ಜಾಗತಿಕ ಪಟ್ಟಿ ಸೇರಿತು.

ಭೀಮೇಶ್ವರಿಗೆ ಹೊರಟವರಿಗೆ ಒಂದು ಮಾತು. ಅದೇ ಕಾಯ್ದೆ ಆಯುಧವೆಂದು ಎಣಿಸುವ ವಸ್ತುಗಳಲ್ಲಿ ಬಂದೂಕಿನ ಜೊತೆ ಗಾಳ, ಚಾಕು, ಬಲೆಗಳೂ ಇವೆ. ಆಯುಧದೊಂದಿಗೆ ವನ್ಯಜೀವಿಧಾಮದೊಳಗೆ ಕಾಲಿಡಲು ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅಧಿಕೃತ ಅಧಿಕಾರಿಯ ಲಿಖಿತ ಅನುಮತಿ ಬೇಕು. ಮಲ್ಟಿಟೂಲನ್ನು ಮನೆಯಲ್ಲೇ ಬಿಟ್ಟು ಹೋಗಿ.