ಬೇಟೆಯ ಮೈಯೊಳಗಿನ ಕಾವು

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬೇಟೆಗೆ ಬಾಗಿಲು ಮುಚ್ಚಿತು. ಅಮೆರಿಕದ ಕೊಲೊರಾಡೋದಲ್ಲಿ ಪರವಾನಗಿ ಪಡೆದವರು ಎಲ್ಕ್ ಎಂಬ ದೊಡ್ಡ ಜಿಂಕೆಯನ್ನು ಹೊಡೆಯಬಹುದು. ಆದರೆ ತಿನ್ನಬಹುದಾದ ಮಾಂಸವನ್ನು ಹಾಳುಗೆಡವಿದರೆ ಅಲ್ಲಿ ಅದೇ ಅಪರಾಧ. ಜೀವ ತೆಗೆದ ಮೇಲೆ ಇಷ್ಟಾದರೂ ಹೊಣೆ ಇರಲೇಬೇಕು.

ಬಿಲ್ಲುಬೇಟೆಯ ಕಾಲ ಸೆಪ್ಟೆಂಬರ್. ಮುಂಜಾನೆ ಕೊರೆಯುವ ಚಳಿ, ಮಧ್ಯಾಹ್ನ 20 ಡಿಗ್ರಿ ಸೆಲ್ಸಿಯಸ್ ದಾಟುವುದೂ ಉಂಟು. ಆದರೆ ಬಿಸಿಲಿಗಿಂತ ದೊಡ್ಡ ಶತ್ರು ಪ್ರಾಣಿಯ ಮೈಯೊಳಗೇ ಇದೆ. ಬದುಕಿದ್ದಾಗ ಅದರ ಮೈ ಸುಮಾರು 38 ಡಿಗ್ರಿ. ಆ ಕಾವನ್ನು ಚರ್ಮದವರೆಗೆ ಸಾಗಿಸುತ್ತಿದ್ದ ರಕ್ತ ಈಗ ನಿಂತಿದೆ. ಹಂಡೆಯ ನೀರು ಲೋಟದ ನೀರಿಗಿಂತ ನಿಧಾನವಾಗಿ ಆರುವಂತೆ, 300 ಕಿಲೋ ತೂಗುವ ಗಂಡು ಎಲ್ಕ್ ಕೂಡ ಬೇಗ ತಣಿಯದು. ಮೇಲೆ ಹಿಮಗಾಲಕ್ಕೆಂದೇ ಬೆಳೆದ ದಟ್ಟ ಕೂದಲು ಬೇರೆ. ಹೊಟ್ಟೆಯೊಳಗಿನ ಮೇವು ಸತ್ತ ಮೇಲೂ ಹುದುಗುತ್ತಾ ಶಾಖ ಹುಟ್ಟಿಸುತ್ತದೆ. 4ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾಗಳಿಗೆ ಸುಗ್ಗಿ. ಮೈಬಿಸಿಯ ಹದದಲ್ಲಿ ಕೆಲವು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಆ ಲೆಕ್ಕದಲ್ಲಿ ಒಂದೇ ಒಂದು ಜೀವಿ ಆರು ಗಂಟೆಯಲ್ಲಿ ಎರಡೂವರೆ ಲಕ್ಷ ದಾಟೀತು.

ಹಾಗಾಗಿ ಮೊದಲ ಕೆಲಸ ಕರುಳು, ಹೊಟ್ಟೆಗಳನ್ನು ಹರಿಯದಂತೆ ಹೊರತೆಗೆಯುವುದು. ಆಮೇಲೆ ಚರ್ಮ ಸುಲಿದು, ಕಾಲುಗಳನ್ನು ಬೇರ್ಪಡಿಸಬೇಕು. ತೊಡೆಯ ಮೂಳೆಯ ಸುತ್ತ ಮಾಂಸ ಬಲು ದಪ್ಪ. ಹೊರಗೆಲ್ಲ ತಣ್ಣಗಿದ್ದರೂ ಅಲ್ಲಿ ಕಾವು ಉಳಿದು, ಹುಳಿವಾಸನೆ ಹೊಡೆಯುವುದು ಆ ಜಾಗದಿಂದಲೇ. ಮೂಳೆಯವರೆಗೆ ಸೀಳಿ ಗಾಳಿ ಆಡಲು ಬಿಟ್ಟರೆ ಬಚಾವು. ತುಂಡುಗಳನ್ನು ತೆಳು ಹತ್ತಿಬಟ್ಟೆಯ ಚೀಲದಲ್ಲಿಟ್ಟು ನೆರಳಲ್ಲಿ ತೂಗುಹಾಕುತ್ತಾರೆ. ನೊಣ ದೂರವಿರುತ್ತದೆ, ತೇವ ಆರುತ್ತಾ ಕಾವನ್ನೂ ಒಯ್ಯುತ್ತದೆ, ಮೇಲ್ಮೈ ಒಣಗಿ ಬ್ಯಾಕ್ಟೀರಿಯಾಗಳಿಗೆ ನೀರು ಸಿಗದಾಗುತ್ತದೆ. ಪ್ಲಾಸ್ಟಿಕ್ ಚೀಲ ಇದಕ್ಕೆಲ್ಲ ಅಡ್ಡಿ.

ಮಂಜುಗಡ್ಡೆ ಎಷ್ಟು ಬೇಕು? 100 ಕಿಲೋ ಮಾಂಸವನ್ನು 38ರಿಂದ 4 ಡಿಗ್ರಿಗೆ ಇಳಿಸಲು ಸುಮಾರು 36 ಕಿಲೋ ಕರಗಬೇಕು. ಪೆಟ್ಟಿಗೆಯೊಳಗೆ ಸೋರಿ ಬರುವ ಬಿಸಿಗೆ ಇನ್ನಷ್ಟು. ಕರಗಿದ ನೀರನ್ನು ಆಗಾಗ ಹರಿಯಬಿಡಬೇಕು, ಮಾಂಸ ಅದರಲ್ಲಿ ನೆನೆಯಬಾರದು.

ಅವಸರವೂ ಒಳ್ಳೆಯದಲ್ಲ. ಸ್ನಾಯು ಸೆಟೆದುಕೊಳ್ಳುವ ಮೊದಲೇ 10 ಡಿಗ್ರಿಗಿಂತ ಕೆಳಗಿಳಿಸಿದರೆ ಅದು ಮುದುಡಿ ಗಡುಸಾಗುತ್ತದೆ. ನ್ಯೂಜಿಲೆಂಡಿನ ಲಾಕರ್ ಮತ್ತು ಹ್ಯಾಗ್ಯಾರ್ಡ್ 1963ರಲ್ಲೇ ಇದನ್ನು ವಿವರಿಸಿದ್ದರು. ಬೆನ್ನಟ್ಟಿ ದಣಿಸಿ ಕೊಂದ ಪ್ರಾಣಿಯದು ಮತ್ತೊಂದು ತೊಂದರೆ. ಓಟದಲ್ಲಿ ಸ್ನಾಯುವಿನ ಗ್ಲೈಕೋಜನ್ ಬರಿದಾಗಿರುತ್ತದೆ. ಅದರಿಂದ ಹುಟ್ಟಬೇಕಿದ್ದ ಲ್ಯಾಕ್ಟಿಕ್ ಆಮ್ಲ ಸಾಲದೆ ಮಾಂಸ ಕಪ್ಪಗೆ, ಅಂಟಂಟಾಗಿ ಉಳಿದು ಬೇಗ ಕೆಡುತ್ತದೆ.

ಇನ್ನು ತಂಪಿಗೆ ಬಗ್ಗದ ಜೀವಿಗಳೂ ಇವೆ. 2022ರಲ್ಲಿ ಸೌತ್ ಡಕೋಟಾದಲ್ಲಿ ಒಟ್ಟುಗೂಡಿದ ಕುಟುಂಬವೊಂದು, 45 ದಿನ ಫ್ರೀಜರಿನಲ್ಲಿದ್ದ ಕರಡಿ ಮಾಂಸದ ಕಬಾಬ್ ಮಾಡಿತು. ಆರು ಮಂದಿಗೆ ಟ್ರೈಕಿನೆಲ್ಲಾ ಹುಳುವಿನ ಸೋಂಕು ತಗುಲಿತು. ಅವರಲ್ಲಿ ಇಬ್ಬರು ಮಾಂಸ ತಿಂದಿರಲೇ ಇಲ್ಲ, ಜೊತೆಗೆ ಬೇಯಿಸಿದ ತರಕಾರಿಯನ್ನಷ್ಟೇ ತಿಂದಿದ್ದರು. ಈ ಹುಳು ಸಾಯಬೇಕಾದರೆ ಮಾಂಸದ ಒಳಭಾಗ 74 ಡಿಗ್ರಿ ಮುಟ್ಟುವಂತೆ ಬೇಯಿಸಬೇಕು.