ಎಡಿತ್ ಸ್ಟೈನ್: ಪರರ ನೋವನ್ನು ಅರಿತ ತತ್ವಶಾಸ್ತ್ರಜ್ಞೆ

ಪ್ರತಿವರ್ಷ ಆಗಸ್ಟ್ 9ರಂದು ಧರ್ಮಸಭೆಯು ಶಿಲುಬೆಯ ಸಂತ ತೆರೇಸಾ ಬೆನೆಡಿಕ್ಟಾ ಅವರನ್ನು ಸ್ಮರಿಸುತ್ತದೆ. ಮಠ ಸೇರುವ ಮುನ್ನ ಇವರ ಹೆಸರು ಎಡಿತ್ ಸ್ಟೈನ್. ಇವರು ವೃತ್ತಿಯಲ್ಲಿ ತತ್ವಶಾಸ್ತ್ರಜ್ಞೆ.

1891ರ ಅಕ್ಟೋಬರ್ 12ರಂದು ಜರ್ಮನಿಯ ಬ್ರೆಸ್ಲಾವ್ ನಗರದ (ಈಗ ಪೋಲೆಂಡಿನಲ್ಲಿದೆ) ಯೆಹೂದಿ ಕುಟುಂಬದಲ್ಲಿ ಜನಿಸಿದ ಎಡಿತ್, ಹರೆಯದಲ್ಲಿ ಪ್ರಾರ್ಥನೆಯನ್ನೇ ಬಿಟ್ಟಿದ್ದರು. ಗೊಟ್ಟಿಂಗೆನ್‌ನಲ್ಲಿ ಪ್ರಸಿದ್ಧ ತತ್ವಶಾಸ್ತ್ರಜ್ಞ ಎಡ್ಮಂಡ್ ಹುಸೆರ್ಲ್ ಅವರ ಶಿಷ್ಯೆಯಾದರು. 1915ರಲ್ಲಿ ಓದನ್ನು ಬದಿಗಿಟ್ಟು ಸೈನಿಕರ ಆಸ್ಪತ್ರೆಯಲ್ಲಿ ದಾದಿಯಾಗಿ ದುಡಿದರು.

1916ರಲ್ಲಿ ಅವರಿಗೆ ಡಾಕ್ಟರೇಟ್ ದೊರೆಯಿತು. ಇನ್ನೊಬ್ಬರ ಅನುಭವ ನಮಗೆ ತಿಳಿಯುವುದು ಹೇಗೆ ಎಂಬುದೇ ಪ್ರಬಂಧದ ವಿಷಯ. ಗೆಳೆಯನೊಬ್ಬ ಬಂದು ತನ್ನ ಸಹೋದರ ತೀರಿಕೊಂಡ ಸುದ್ದಿ ಹೇಳುತ್ತಾನೆ. ಅವನ ದುಃಖ ನಮಗೆ ನಿಜವಾಗಿ ಕಾಣಿಸುತ್ತದೆ. ಆದರೂ ಅದು ಅವನ ದುಃಖ, ನಮ್ಮದಲ್ಲ. ಅದನ್ನು ನಮ್ಮದಾಗಿಸಿಕೊಳ್ಳದೆ, ದೂರವೂ ತಳ್ಳದೆ ಅರಿಯುವುದೇ ಪರಾನುಭೂತಿ ಎಂದು ಅವರು ವಿವರಿಸಿದರು.

ಮರುವರ್ಷ ಈ ಮಾತು ಅವರ ಬಾಳಿನಲ್ಲೇ ಎದುರಾಯಿತು. ಗುರು ಅಡಾಲ್ಫ್ ರೈನಾಖ್ ಯುದ್ಧದಲ್ಲಿ ಮಡಿದರು. ಸಂತೈಸಲು ಹೋದ ಎಡಿತ್, ವಿಧವೆ ಅನ್ನಾ ಶಿಲುಬೆಯ ಮೇಲಿನ ವಿಶ್ವಾಸದಿಂದ ಧೈರ್ಯವಾಗಿರುವುದನ್ನು ಕಂಡು ಬೆರಗಾದರು. 1921ರಲ್ಲಿ ಆವಿಲಾದ ಸಂತ ತೆರೇಸಾರ ಆತ್ಮಚರಿತ್ರೆ ಓದಿದರು. 1922ರ ಜನವರಿ 1ರಂದು ದೀಕ್ಷಾಸ್ನಾನ ಪಡೆದರು.

ಆದರೆ ವಿಶ್ವವಿದ್ಯಾನಿಲಯದ ಬಾಗಿಲು ತೆರೆಯಲಿಲ್ಲ. ಹೆಣ್ಣೆಂಬ ಕಾರಣಕ್ಕೆ 1919ರಲ್ಲಿ ಗೊಟ್ಟಿಂಗೆನ್ ಅವರ ಅರ್ಜಿಯನ್ನು ತಳ್ಳಿಹಾಕಿತು. ಅವರು ಸರಕಾರಕ್ಕೆ ದೂರಿತ್ತರು. ಹೆಣ್ಣಾಗಿರುವುದು ಅಡ್ಡಿಯಾಗಬಾರದೆಂದು 1920ರಲ್ಲಿ ಸಚಿವರು ತಿಳಿಸಿದರೂ ಅವರಿಗೆ ಹುದ್ದೆ ಸಿಗಲಿಲ್ಲ. ಸ್ಪೈಯರ್‌ನಲ್ಲಿ ದೊಮಿನಿಕನ್ ಭಗಿನಿಯರ ಶಾಲೆಯಲ್ಲಿ ಪಾಠ ಹೇಳುತ್ತಾ ಸಂತ ಥಾಮಸ್ ಅಕ್ವಿನಾಸರ ಕೃತಿಯನ್ನು ಜರ್ಮನ್ ಭಾಷೆಗೆ ತಂದರು. 1932ರಲ್ಲಿ ಮ್ಯೂನ್‌ಸ್ಟರ್‌ನ ಶಿಕ್ಷಣ ಸಂಸ್ಥೆಯೊಂದರಲ್ಲಿ ದೊರೆತ ಕೆಲಸವೂ ನಾತ್ಸಿಗಳ ಯೆಹೂದಿ ವಿರೋಧಿ ಕಾನೂನಿನಿಂದ ಮರುವರ್ಷ ಹೋಯಿತು.

ಯೆಹೂದಿಗಳ ಮೇಲಿನ ಹಿಂಸೆಯ ವಿರುದ್ಧ ಧರ್ಮಸಭೆ ಮಾತನಾಡಬೇಕೆಂದು ಕೋರಿ 1933ರಲ್ಲಿ ಅವರು ಪೋಪ್ 11ನೇ ಪಿಯುಸ್‌ರಿಗೆ ಪತ್ರ ಬರೆದರು. ಅದೇ ವರ್ಷ ಕಲೋನ್‌ನ ಕಾರ್ಮೆಲ್ ಮಠ ಸೇರಿದರು. 1938ರ ಕೊನೆಯಲ್ಲಿ ಹಾಲೆಂಡಿನ ಎಖ್ಟ್ ಮಠಕ್ಕೆ ಹೋದರು. 1942ರ ಜುಲೈ 26ರಂದು ಅಲ್ಲಿನ ಧರ್ಮಾಧ್ಯಕ್ಷರ ಖಂಡನಾ ಪತ್ರವನ್ನು ಚರ್ಚುಗಳಲ್ಲಿ ಓದಲಾಯಿತು. ಸೇಡಿಗಾಗಿ ನಾತ್ಸಿಗಳು ಯೆಹೂದಿ ಮೂಲದ ಕಥೊಲಿಕರನ್ನು ಸೆರೆಹಿಡಿದರು. ಎಡಿತ್ ಮತ್ತು ಅವರ ಅಕ್ಕ ರೋಸಾ ಆಗಸ್ಟ್ 9ರಂದು ಆಶ್‌ವಿಟ್ಸ್‌ನಲ್ಲಿ ಹತರಾದರು. 1998ರಲ್ಲಿ ಪೋಪ್ ದ್ವಿತೀಯ ಜಾನ್ ಪಾಲ್ ಅವರು ಎಡಿತ್‌ರನ್ನು ಸಂತರೆಂದು ಘೋಷಿಸಿದರು.

ವಾಳೆಯ ಗುರಿಕಾರರಾಗಲಿ, ಧರ್ಮಭಗಿನಿಯರಾಗಲಿ, ಸಾವಿನ ಮನೆಗೆ ಹೋದಾಗ ನಾವು ಬೇಗ ಬುದ್ಧಿಮಾತಿಗೆ ತೊಡಗುತ್ತೇವೆ. ಅವರ ದುಃಖ ಅವರದೆಂದು ಒಪ್ಪಿ, ಪಕ್ಕದಲ್ಲಿ ಕುಳಿತು ಕೇಳುವುದು ಮೊದಲ ಸೇವೆ. ಎಡಿತ್ ತಮ್ಮ ಪ್ರಬಂಧದಲ್ಲಿ ಬರೆದದ್ದನ್ನು ನಾವು ಆಚರಿಸಬಹುದಾದ ಜಾಗ ಅದು.